‘ಗೀತಂ ಶ್ರಾವಯಾಮಿ’ ಅಂದ ಮೇಲೆ ಏನು ಹಾಡಬೇಕು

ಪೂಜೆ ಮುಗಿಯುತ್ತಾ ಬಂದಾಗ ಭಟ್ಟರು ‘ಛತ್ರಂ ಸಮರ್ಪಯಾಮಿ, ಚಾಮರಂ ಸಮರ್ಪಯಾಮಿ, ಗೀತಂ ಶ್ರಾವಯಾಮಿ, ನೃತ್ಯಂ ದರ್ಶಯಾಮಿ, ವಾದ್ಯಂ ಘೋಷಯಾಮಿ’ ಎಂದು ಒಂದೇ ಉಸಿರಿನಲ್ಲಿ ಹೇಳಿ ಅಕ್ಷತೆ ಹಾಕುತ್ತಾರೆ. ಹಾಡಲೆಂದೇ ಬಂದವರು ಆ ಮಾತು ತಮಗೆ ಸೇರಿದ್ದು ಅಂತ ತಿಳಿಯದೆ ಸುಮ್ಮನೆ ಕೂತಿರುತ್ತಾರೆ. ಆಮೇಲೆ ಕರ್ಪೂರ ಹಚ್ಚಿ, ಜಾಗಟೆ ಶುರುವಾದ ಮೇಲೆ ಆರು ಚರಣದ ದೇವರನಾಮ ಎತ್ತಿಕೊಳ್ಳುತ್ತಾರೆ. ಹಾಡೂ ಕೇಳುವುದಿಲ್ಲ, ಆರತಿಯೂ ಎಳೆದಾಡುತ್ತದೆ. ನಮ್ಮ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯ ಭಜನಾ ತಂಡಗಳಲ್ಲಿ ಚೆನ್ನಾಗಿ ಹಾಡುವವರಿಗೆ ಕೊರತೆಯಿಲ್ಲ. ಪೂಜೆಯ ಸಂಸ್ಕೃತ ಭಟ್ಟರ ಪಾಲು, ಸಂಗೀತದ ಸಂಸ್ಕೃತ ಪಾಠದ ಪುಸ್ತಕದ ಪಾಲು ಎಂದು ನಾವು ಬೇರೆಬೇರೆ ಮಾಡಿಟ್ಟದ್ದರಿಂದಲೇ ಈ ಗೊಂದಲ. ತುಲಾ ಸಂಕ್ರಮಣಕ್ಕೆ ಹಾಡುವ ತಯಾರಿಯಲ್ಲಿ ಇರುವವರಿಗೆ ಇವೆರಡನ್ನೂ ಒಟ್ಟಿಗೆ ಇಟ್ಟು ಬರೆಯುತ್ತಿದ್ದೇನೆ.

ಮೇಲೆ ಹೇಳಿದ ಸಾಲಿಗೆ ರಾಜೋಪಚಾರ ಅನ್ನುತ್ತಾರೆ. ಮನೆಯ ಪೂಜೆಯಲ್ಲಿ ಇದಿಷ್ಟೇ. ದೇವಸ್ಥಾನದ ದೊಡ್ಡ ಪೂಜೆಯಲ್ಲಿ ಇದೇ ಬೆಳೆದು ಅಷ್ಟಾವಧಾನ ಸೇವೆ ಆಗುತ್ತದೆ. ವೇದಗಳಿಂದ ಒಂದೊಂದು ಮಂತ್ರ ಹೇಳಿಸಿ, ಆಮೇಲೆ ‘ಸಂಗೀತ ಸೇವಾಮವಧಾರಯ’ ಎಂದು ಕರೆ ಬರುತ್ತದೆ. ‘ಅವಧಾರಯ’ ಅಂದರೆ ಗಮನವಿಟ್ಟು ಕೇಳು ಎಂದು ದೇವರಿಗೆ ಮಾಡುವ ವಿನಂತಿ. ಹಾಡುವವರು ಆ ಹೊತ್ತಿಗೆ ಶ್ರುತಿ ಹಿಡಿದು ತಯಾರಿರಬೇಕು. ಕರೆ ಬಂದ ಮೇಲೆ ಹಾರ್ಮೋನಿಯಂ ಪೆಟ್ಟಿಗೆ ಬಿಚ್ಚಿ, ಬಿಳಿ ಒಂದೋ ಕಪ್ಪು ಒಂದೋ ಅಂತ ಕೇಳುವುದಲ್ಲ. ವಾದ್ಯ, ನೃತ್ಯ ಇವೆಲ್ಲ ಅದರ ಬೆನ್ನಿಗೇ ಇರುವುದರಿಂದ ನಿಮಗೆ ಸಿಗುವುದು ಒಂದೂವರೆ, ಹೆಚ್ಚೆಂದರೆ ಎರಡು ನಿಮಿಷ.

ಎರಡು ನಿಮಿಷಕ್ಕೆ ಹೇಳಿಮಾಡಿಸಿದ್ದು ಗೀತೆ. ಪುರಂದರದಾಸರ ‘ಶ್ರೀ ಗಣನಾಥ’ ಎಲ್ಲರಿಗೂ ಬರುವ ಪಿಳ್ಳಾರಿ ಗೀತೆ, ಅಂದರೆ ಪಾಠದ ಶುರುವಿನಲ್ಲೇ ಕಲಿಸುವ ಗಣಪತಿಯ ಗೀತೆ. ಮಲಹರಿ ರಾಗ, ರೂಪಕ ತಾಳ. ಪಾಠದಲ್ಲಿ ಇದನ್ನು ದ್ರುತ 2, ಲಘು 4, ಒಟ್ಟು 6 ಅಕ್ಷರಕ್ಕೆ (ತಾಳದ ಎಣಿಕೆಗೆ) ಹಾಕುತ್ತೇವೆ. ಒಂದೇ ಸಾಲನ್ನು ಬೇರೆಬೇರೆ ರೀತಿ ಬೆಳೆಸಿ ಹಾಡುವ ಸಂಗತಿ ಇಲ್ಲ, ನೆರವಲ್ ಇಲ್ಲ. ಮಧ್ಯಮ ಕಾಲದಲ್ಲಿ ಹಾಡಿದರೆ ಸಮಯಕ್ಕೆ ಸರಿಯಾಗಿ ಮುಗಿಯುತ್ತದೆ. ಆದರೆ ಮಕ್ಕಳ ಬಾಯಲ್ಲಿ ‘ಸಿದ್ಧಚಾರಣ ಗಣಸೇವಿತ’ ಎಂಬುದು ‘ಸಿದ್ಧ ಚರಣ’ ಆಗಿ ಕೂತುಬಿಟ್ಟಿದೆ. ಚಾರಣರು ಅಂದರೆ ಹಾಡಿ ಹೊಗಳುವ ದೇವಗಣ. ಸಿದ್ಧರೂ ಚಾರಣರೂ ಸೇವಿಸುವ ಗಣಪತಿ ಎಂದು ಅಲ್ಲಿಯ ಮಾತು. ‘ಚಾ’ ದೀರ್ಘ ಹೋದರೆ ಪಾದ ಆಗುತ್ತದೆ, ಅರ್ಥವೂ ಹೋಗುತ್ತದೆ, ತಾಳದಲ್ಲಿ ಒಂದು ಅಕ್ಷರ ಖಾಲಿಯಾಗಿ ಅದನ್ನು ತುಂಬಲು ‘ಸಿದ್ಧಾ ಚರಣ’ ಅಂತ ಎಳೆಯುವುದೂ ಶುರುವಾಗುತ್ತದೆ. ದೇವರನಾಮವೇ ಬೇಕು ಅನ್ನುವವರು ಪಲ್ಲವಿ ಮತ್ತು ಕಡೆಯ ಚರಣ ಮಾತ್ರ ಹಾಡಲಿ. ಕಡೆಯ ಚರಣ ಬಿಟ್ಟು ನಡುವಿನದನ್ನು ಹಾಡಬೇಡಿ. ದಾಸರ ಅಂಕಿತ ಇರುವುದು ಅಲ್ಲೇ, ಅಂಕಿತ ಬಾರದೆ ಪದ ಪೂರ್ತಿ ಆಗುವುದಿಲ್ಲ.

ಎಲ್ಲಿ ಹಾಡಬಾರದು ಅನ್ನುವುದನ್ನು ಇನ್ನೂ ಗಟ್ಟಿಯಾಗಿ ಹೇಳಬೇಕು. ಷೋಡಶೋಪಚಾರ ಅಂದರೆ ಆವಾಹನೆ, ಆಸನ, ಪಾದ್ಯ, ಅರ್ಘ್ಯ, ಆಚಮನ, ಸ್ನಾನ, ವಸ್ತ್ರ, ಯಜ್ಞೋಪವೀತ, ಗಂಧ, ಪುಷ್ಪ, ಧೂಪ, ದೀಪ, ನೈವೇದ್ಯ ಎಂದು ಸಾಗುವ 16 ಉಪಚಾರಗಳು. ಪುರುಷಸೂಕ್ತದಲ್ಲಿ 16 ಋಕ್ಕುಗಳಿವೆ, ಒಂದೊಂದು ಉಪಚಾರಕ್ಕೆ ಒಂದೊಂದು ಋಕ್ಕು. ಇದರಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಸ್ನಾನ, ಅಂದರೆ ಅಭಿಷೇಕ. ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ, ಆಮೇಲೆ ಎಳನೀರು ಅಂತ ನಡೆಯುವಾಗ ಸುಮ್ಮನೆ ಕೂತವರಿಗೆ ಭಜನೆ ಮಾಡೋಣ ಅನ್ನಿಸುವುದು ಸಹಜ. ಆದರೆ ಆಗ ರುದ್ರವೋ ಸೂಕ್ತವೋ ನಡೆಯುತ್ತಿರುತ್ತದೆ. ವೇದಕ್ಕೆ ಉದಾತ್ತ, ಅನುದಾತ್ತ, ಸ್ವರಿತ ಎಂಬ ಮೂರು ಸ್ವರಗಳಿವೆ. ಮುದ್ರಿತ ಪುಸ್ತಕದಲ್ಲಿ ಅಕ್ಷರದ ಕೆಳಗೆ ಅಡ್ಡಗೆರೆ ಇದ್ದರೆ ಅನುದಾತ್ತ, ಮೇಲೆ ನಿಂತ ಗೆರೆ ಇದ್ದರೆ ಸ್ವರಿತ, ಏನೂ ಇಲ್ಲದ್ದು ಉದಾತ್ತ. ಅನುದಾತ್ತಕ್ಕೆ ಧ್ವನಿ ಕೆಳಗಿಳಿಯುತ್ತದೆ, ಸ್ವರಿತಕ್ಕೆ ಏರುತ್ತದೆ. ಈ ಏರಿಳಿತ ಹೇಳುವವರ ಧ್ವನಿಗೆ ತಕ್ಕಂತೆ ಇರುತ್ತದೆಯೇ ಹೊರತು ನಿಮ್ಮ ಶ್ರುತಿಪೆಟ್ಟಿಗೆಗೆ ತಕ್ಕಂತೆ ಅಲ್ಲ. ಪಕ್ಕದಲ್ಲಿ ಬೇರೆ ಷಡ್ಜದಲ್ಲಿ ಹಾರ್ಮೋನಿಯಂ ಕೂಗುತ್ತಿದ್ದರೆ ಹೇಳುವವರ ಸ್ವರ ಜಾರುತ್ತದೆ, ಸ್ವರ ತಪ್ಪಿದ ಮಂತ್ರವನ್ನು ಅವರು ಮತ್ತೆ ಮೊದಲಿಂದ ಹೇಳಬೇಕಾಗುತ್ತದೆ. ಹಾಗೆಯೇ ಸೂಕ್ತವನ್ನು ಮೋಹನದಲ್ಲೋ ಹಂಸಧ್ವನಿಯಲ್ಲೋ ರಾಗ ಹಾಕಿ ಹಾಡುವುದು ನನಗೆ ಒಪ್ಪಿಗೆಯಿಲ್ಲ. ರಾಗ ಹಾಕಲು ಶ್ಲೋಕಗಳು ಬೇಕಾದಷ್ಟಿವೆ. ಮಂತ್ರಕ್ಕೆ ಅದರದ್ದೇ ಸ್ವರ ಇದೆ, ಅದನ್ನು ಅಳಿಸಿ ನಮ್ಮದನ್ನು ಬರೆಯುವುದು ಬೇಡ.

ನೈವೇದ್ಯಕ್ಕೆ ತೆರೆ ಎಳೆದಾಗ ಹಾಡಬಹುದು, ಆದರೆ ತಗ್ಗಿನಲ್ಲಿ, ತಾಳ ಇಲ್ಲದೆ. ಉಗಾಭೋಗ ಇದಕ್ಕೆ ತುಂಬಾ ಚೆನ್ನ. ಉಗಾಭೋಗಕ್ಕೆ ತಾಳದ ಕಟ್ಟು ಇಲ್ಲ, ಗಂಟೆ ಕೇಳಿದ ಕ್ಷಣ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಮಂಗಳಾರತಿಗೆ ಮಾತ್ರ ಜಾಗಟೆ, ಶಂಖ, ಗಂಟೆ ಸಾಕು.

ಸಂಕಲ್ಪದ ವಿಷಯಕ್ಕೆ ಬರೋಣ. ಮನೆಯಲ್ಲಿ ತಾವೇ ಪೂಜೆ ಮಾಡುವವರು ಪುಸ್ತಕ ನೋಡಿ ಓದುತ್ತಾರೆ, ಬಿಟ್ಟ ಸ್ಥಳ ಬಂದಾಗ ಪಂಚಾಂಗದಲ್ಲಿದ್ದ ಪದವನ್ನು ಹಾಗೇ ತುಂಬುತ್ತಾರೆ: ‘ಪಂಚಮಿ ತಿಥೌ, ಬುಧವಾರ...’ ಹೀಗೆ. ಸಂಕಲ್ಪದಲ್ಲಿ ಕಾಲ, ದೇಶ ಎಲ್ಲ ಸಪ್ತಮೀ ವಿಭಕ್ತಿಯಲ್ಲಿ ಬರಬೇಕು. ತಿಥಿಗಳು ಪ್ರತಿಪದಿ, ದ್ವಿತೀಯಾಯಾಂ, ತೃತೀಯಾಯಾಂ, ಚತುರ್ಥ್ಯಾಂ, ಪಂಚಮ್ಯಾಂ ಎಂದು ಹೋಗಿ ಪೂರ್ಣಿಮಾಯಾಂ, ಅಮಾವಾಸ್ಯಾಯಾಂ ಎಂದು ಮುಗಿಯುತ್ತವೆ. ವಾರಗಳು ಭಾನು, ಇಂದು, ಭೌಮ, ಸೌಮ್ಯ, ಗುರು, ಭೃಗು, ಸ್ಥಿರ ಎಂದು, ಕಡೆಗೆ ‘ವಾಸರೇ’ ಸೇರಿಸಿ. ಇಲ್ಲಿ ಎಡವುವುದು ಸೌಮ್ಯವಾಸರದಲ್ಲಿ. ಅದು ಸೋಮವಾರ ಅಲ್ಲ, ಬುಧವಾರ. ಸೋಮವಾರಕ್ಕೆ ಇಂದುವಾಸರೇ. ಇನ್ನು ತಿಂಗಳು. ಮೈಸೂರು ಕಡೆಯ ಪಂಚಾಂಗ ಚಾಂದ್ರಮಾನದ್ದು, ಕೊಡವರ ತಿಂಗಳುಗಳು ಸೌರಮಾನದವು. ಕೊಡಗಿನ ಮನೆಗಳಲ್ಲಿ ಎರಡೂ ಬಳಕೆಯಲ್ಲಿರುವುದರಿಂದ ಯಾವುದೋ ಒಂದನ್ನು ಹಿಡಿದು ಹೇಳಿ, ಎರಡನ್ನು ಬೆರೆಸಬೇಡಿ. ಸೌರಮಾನದಲ್ಲಿ ಹೇಳುವವರು ಒಂದು ಗಮನಿಸಬೇಕು: ಸೂರ್ಯ ತುಲಾರಾಶಿಗೆ ಕಾಲಿಡುವ ಮೊದಲು ಸಂಕಲ್ಪ ಮಾಡಿದರೆ ‘ಕನ್ಯಾಮಾಸೇ’, ಆದ ಮೇಲೆ ‘ತುಲಾಮಾಸೇ’. ತಲಕಾವೇರಿಯ ತೀರ್ಥೋದ್ಭವದ ಮುಹೂರ್ತವೇ ಆ ಗಡಿ. ‘ದಕ್ಷಿಣಾಯನೇ’ ಎರಡಕ್ಕೂ ಒಂದೇ.

ಸಂಕಲ್ಪ ಆದ ಮೇಲೆ ಕಲಶ ಪೂಜೆ, ಅಲ್ಲಿ ನಮ್ಮ ನದಿಯ ಹೆಸರಿರುವ ಶ್ಲೋಕ:

ಗಂಗೇ ಚ ಯಮುನೇ ಚೈವ ಗೋದಾವರಿ ಸರಸ್ವತಿ
ನರ್ಮದೇ ಸಿಂಧು ಕಾವೇರಿ ಜಲೇಽಸ್ಮಿನ್ ಸನ್ನಿಧಿಂ ಕುರು

ಏಳು ನದಿಗಳಲ್ಲಿ ಕಡೆಯ ಹೆಸರು ಕಾವೇರಿ. ಕೊಡಗಿನಲ್ಲಿ ಇದನ್ನು ಕೇಳದ ಪೂಜೆ ಇಲ್ಲ, ಹಾಡಿದಾಗ ಸರಿಯಾಗಿ ಬರುವುದು ಮಾತ್ರ ಅಪರೂಪ. ಇದು ಅನುಷ್ಟುಪ್. ನಾಲ್ಕು ಪಾದ, ಪಾದಕ್ಕೆ 8 ಅಕ್ಷರ. ಪ್ರತಿ ಪಾದದ 5ನೇ ಅಕ್ಷರ ಲಘು, 6ನೆಯದು ಗುರು. 7ನೆಯದು ಒಂದು ಮತ್ತು ಮೂರನೇ ಪಾದದಲ್ಲಿ ಗುರು, ಎರಡು ಮತ್ತು ನಾಲ್ಕರಲ್ಲಿ ಲಘು. ಎಣಿಸಿ ನೋಡಿ. ಮೊದಲ ಪಾದದ ಕಡೆಯ ನಾಲ್ಕು ಅಕ್ಷರ ಮು-ನೇ-ಚೈ-ವ: ಲಘು, ಗುರು, ಗುರು, ಆಮೇಲೆ ಕಡೆಯದು. ಎರಡನೆಯದರಲ್ಲಿ ಸ-ರ-ಸ್ವ-ತಿ: ‘ರ’ದ ಮುಂದೆ ‘ಸ್ವ’ ಒತ್ತಕ್ಷರ ಇರುವುದರಿಂದ ಅದು ಗುರು, ‘ಸ್ವ’ ಲಘು. ಮೂರನೆಯದರಲ್ಲಿ ಧು-ಕಾ-ವೇ-ರಿ. ನಾಲ್ಕನೆಯದರಲ್ಲಿ ನಿ-ಧಿಂ-ಕು-ರು.

ಹಾಡುವಾಗ ಏನಾಗುತ್ತದೆ? ‘ಸಿಂಧೂ ಕಾವೇರೀ’ ಎಂದು ಎರಡೂ ಕಡೆ ಎಳೆಯುತ್ತಾರೆ. ‘ಧು’ 5ನೇ ಅಕ್ಷರ, ಅದನ್ನು ದೀರ್ಘ ಮಾಡಿದರೆ ಛಂದಸ್ಸು ಅಲ್ಲೇ ಮುರಿಯುತ್ತದೆ. ಕಿವಿಗೂ ಕುಂಟಿದಂತೆ ಕೇಳುತ್ತದೆ, ಕಾರಣ ಗೊತ್ತಿಲ್ಲದವರಿಗೂ ಕೇಳುತ್ತದೆ. ‘ಗೋದಾವರಿ, ಸರಸ್ವತಿ, ಕಾವೇರಿ’ ಕೊನೆಯಲ್ಲಿ ಹ್ರಸ್ವ ಇರುವುದಕ್ಕೆ ಕಾರಣ ವ್ಯಾಕರಣ. ನದಿಗಳನ್ನು ಇಲ್ಲಿ ಕರೆಯುತ್ತಿದ್ದೇವೆ, ಸಂಬೋಧನೆ. ‘ಕಾವೇರೀ’ ಎಂಬ ದೀರ್ಘಾಂತ ಶಬ್ದ ಕರೆಯುವಾಗ ‘ಕಾವೇರಿ’ ಎಂದು ಹ್ರಸ್ವ ಆಗುತ್ತದೆ. ‘ಗಂಗಾ’ ಇದ್ದದ್ದು ‘ಗಂಗೇ’ ಆಗುತ್ತದೆ. ರಾಗದ ಕಾರ್ವೆ, ಅಂದರೆ ಎಳೆದು ನಿಲ್ಲುವುದು, ಬೇಕಿದ್ದರೆ ‘ವೇ’ ಮೇಲೆ ನಿಲ್ಲಿ. ಅದು ಮೊದಲೇ ದೀರ್ಘ, ಎಷ್ಟು ಹೊತ್ತು ನಿಂತರೂ ಹಾಳಾಗುವುದಿಲ್ಲ. ‘ರಿ’ಯನ್ನು ಮುಟ್ಟಿ ಬಿಡಿ.

‘ಜಲೇಽಸ್ಮಿನ್’ನಲ್ಲಿ ಇರುವ ಅವಗ್ರಹ ಚಿಹ್ನೆಯನ್ನು ಕೆಲವರು ‘ಜಲೇ ಅಸ್ಮಿನ್’ ಎಂದು ಬಿಡಿಸಿ ಹಾಡುತ್ತಾರೆ. ಬಿಡಿಸಿದರೆ 9 ಅಕ್ಷರ ಆಯಿತು. ಲೋಪವಾದ ‘ಅ’ಕಾರವನ್ನು ಹೇಳಬಾರದು, ‘ಜಲೇಸ್ಮಿನ್’ ಅಂತಲೇ ಬರಬೇಕು. ಉಸಿರು ತೆಗೆದುಕೊಳ್ಳಲು ಪಾದದ ಕೊನೆಯೇ ಜಾಗ: ‘ಚೈವ’ ಆದ ಮೇಲೆ, ‘ಸರಸ್ವತಿ’ ಆದ ಮೇಲೆ, ‘ಕಾವೇರಿ’ ಆದ ಮೇಲೆ. ಉಸಿರು ಸಾಲದವರು ಹೆಸರು ಹೆಸರಿಗೂ ನಿಲ್ಲಬಹುದು, ಆದರೆ ‘ಸನ್ನಿ’ ಎಂದು ನಿಂತು ‘ಧಿಂ ಕುರು’ ಎಂದು ಹೊರಡುವುದು ಬೇಡ. ‘ಶುಕ್ಲಾಂಬರಧರಂ’ ಶ್ಲೋಕವೂ ಇದೇ ಛಂದಸ್ಸು. ‘ಸರ್ವವಿಘ್ನೋಪಶಾಂತಯೇ’ ಎಂಬ 8 ಅಕ್ಷರ ಒಂದೇ ಸಮಾಸ, ಅದನ್ನು ‘ಸರ್ವವಿಘ್ನೋಪ’ ಅಂತ ತುಂಡು ಮಾಡಿ ಗಮಕ ಹಾಕುವುದನ್ನು ಎಲ್ಲ ಕಡೆ ಕೇಳುತ್ತೇವೆ. ಒಂದೇ ಉಸಿರಿನಲ್ಲಿ ಮುಗಿಸುವಷ್ಟು ವೇಗ ಇಟ್ಟುಕೊಂಡರೆ ಸಮಸ್ಯೆಯೇ ಇಲ್ಲ.

ಮಹಾಪ್ರಾಣದ ಬಗ್ಗೆ. ನಮ್ಮ ಕಡೆ ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ, ಹೀಗೆ ನಾನಾ ಭಾಷೆ ಆಡುವ ಮಕ್ಕಳು ಒಂದೇ ತರಗತಿಯಲ್ಲಿ ಕೂತು ಹಾಡು ಕಲಿಯುತ್ತಾರೆ. ಮನೆಮಾತಿನಲ್ಲಿ ಮಹಾಪ್ರಾಣದ ಬಳಕೆ ಕಡಿಮೆ, ಹಾಗಾಗಿ ‘ಬಕ್ತಿ’, ‘ದ್ಯಾನ’, ‘ಗಂದ’ ಎಂದು ಬರುತ್ತದೆ. ಅದು ತಪ್ಪು ಅಂತ ಗದರಿಸುವುದರಿಂದ ಪ್ರಯೋಜನವಿಲ್ಲ. ಅಂಗೈಯನ್ನು ಬಾಯಿಗೆ ನಾಲ್ಕು ಬೆರಳು ದೂರ ಹಿಡಿಸಿ ‘ಬ’, ‘ಭ’ ಹೇಳಿಸಿ. ‘ಭ’ಕ್ಕೆ ಗಾಳಿ ಅಂಗೈಗೆ ತಾಗಬೇಕು, ‘ಬ’ಕ್ಕೆ ತಾಗಬಾರದು. ಹಾಡುವಾಗ ಈ ಗಾಳಿಯನ್ನು ಜೋರಾಗಿ ಬಿಟ್ಟರೆ ಮೈಕಿನಲ್ಲಿ ‘ಢಬ್’ ಅನ್ನುತ್ತದೆ, ಸ್ವಲ್ಪವೇ ಸಾಕು.

ಮಹಾಪ್ರಾಣಕ್ಕೆ ಸಂಗೀತದಲ್ಲಿ ಲೆಕ್ಕದ ಬೆಲೆಯೂ ಇದೆ. 72 ಮೇಳಕರ್ತ ರಾಗಗಳ, ಅಂದರೆ ಉಳಿದ ರಾಗಗಳಿಗೆ ತಾಯಿಯಾದ ರಾಗಗಳ, ಹೆಸರಿನ ಮೊದಲ ಎರಡು ಅಕ್ಷರಗಳಿಂದ ಕಟಪಯಾದಿ, ಅಂದರೆ ಅಕ್ಷರಕ್ಕೊಂದು ಅಂಕಿ ಕೊಡುವ, ಕ್ರಮದಲ್ಲಿ ಮೇಳದ ಸಂಖ್ಯೆ ಸಿಗುತ್ತದೆ. ಕ, ಟ, ಪ, ಯ ಇವುಗಳಿಂದ 1 ಎಂದು ಎಣಿಸುತ್ತಾ ಹೋಗಿ, ಬಂದ ಎರಡು ಅಂಕಿಗಳನ್ನು ತಿರುಗಿಸಬೇಕು. ಮಾಯಾಮಾಳವಗೌಳದಲ್ಲಿ ‘ಮ’ 5, ‘ಯ’ 1, ತಿರುಗಿಸಿದರೆ 15. ಧೀರಶಂಕರಾಭರಣದಲ್ಲಿ ‘ಧ’ 9, ‘ರ’ 2, ತಿರುಗಿಸಿದರೆ 29. ಈಗ ‘ನಾಟಕಪ್ರಿಯ’ ನೋಡಿ: ‘ನ’ 0, ‘ಟ’ 1, ತಿರುಗಿಸಿದರೆ 10. ‘ನಠಭೈರವಿ’ಯಲ್ಲಿ ‘ನ’ 0, ‘ಠ’ 2, ತಿರುಗಿಸಿದರೆ 20. ಪುಸ್ತಕಗಳಲ್ಲಿ ‘ನಟಭೈರವಿ’ ಅಂತ ಅಚ್ಚಾಗಿ ಬರುತ್ತದೆ, ಹಾಗೆ ಬರೆದರೆ ಸಂಖ್ಯೆ 10 ಆಗಿಬಿಡುತ್ತದೆ. 10ನೇ ಮೇಳಕ್ಕೆ ಶುದ್ಧ ರಿಷಭ, ಚತುಶ್ರುತಿ ಧೈವತ. 20ನೇ ಮೇಳಕ್ಕೆ ಚತುಶ್ರುತಿ ರಿಷಭ, ಶುದ್ಧ ಧೈವತ. ಒಂದು ಒತ್ತಿನ ಉಸಿರು ಬಿಟ್ಟುಹೋದರೆ ಎರಡು ಸ್ವರ ಅದಲುಬದಲು. ಒತ್ತಕ್ಷರ ಇರುವ ಹೆಸರುಗಳಲ್ಲಿ ಜಾಗ್ರತೆ: ಚಕ್ರವಾಕದಲ್ಲಿ ‘ಕ್ರ’ದ ಕಕಾರ ಹಿಡಿದು 16, ಷಣ್ಮುಖಪ್ರಿಯದಲ್ಲಿ ‘ಣ್ಮು’ವಿನ ಮಕಾರ ಹಿಡಿದು 56. ಇವುಗಳನ್ನು ಬಾಯಿಪಾಠ ಮಾಡುವುದೇ ಲೇಸು.

ವಿಸರ್ಗ ಅದರ ಹಿಂದಿನ ಸ್ವರವನ್ನೇ ಹಿಡಿದು ಬರುತ್ತದೆ: ‘ನಮಃ’ ನಮಹ, ‘ಶಾಂತಿಃ’ ಶಾಂತಿಹಿ, ‘ಗುರುಃ’ ಗುರುಹು. ಕಾರ್ವೆ ಯಾವತ್ತೂ ಸ್ವರಾಕ್ಷರದ ಮೇಲೆ, ವಿಸರ್ಗ ಕಡೆಯಲ್ಲಿ ಚಿಕ್ಕದಾಗಿ. ‘ಓಂ’ಕಾರದಲ್ಲೂ ಮೊದಲಿಗೇ ಬಾಯಿ ಮುಚ್ಚಿದರೆ ಮೂಗಿನ ಧ್ವನಿಯೇ ಉಳಿಯುತ್ತದೆ. ಹಿಂದಿ ಭಜನೆ ಕೇಳಿ ಕೇಳಿ ಈಗ ಕನ್ನಡ ಪದದಲ್ಲೂ ‘ರಾಮ್’, ‘ಶಿವ್’ ಎಂದು ಬಾಯಿ ಮುಚ್ಚುವ ಅಭ್ಯಾಸ ಬಂದಿದೆ. ದಾಸರ ಪದದ ತಾಳ ‘ರಾಮ’ ಎಂಬ ಎರಡು ಅಕ್ಷರದ ಮೇಲೆ ನಿಂತಿದೆ. ಒಂದನ್ನು ನುಂಗಿದರೆ ಮೃದಂಗದವರು ಹುಡುಕಾಡುತ್ತಾರೆ.

ಇನ್ನು ಶ್ರುತಿ. ತಂಡ ಹಾಳಾಗುವುದು ಬಹುಪಾಲು ಇಲ್ಲೇ. ಗಂಡಸರ ಧ್ವನಿಗೆ ಸಾಮಾನ್ಯವಾಗಿ ಹಾರ್ಮೋನಿಯಂನ ಬಿಳಿ ಮನೆ (ಕೀಲಿ) 1ರಿಂದ ಬಿಳಿ 2 ಹೊಂದುತ್ತದೆ, ಹೆಂಗಸರಿಗೆ ಬಿಳಿ 5ರಿಂದ 6. ಇಬ್ಬರೂ ಸೇರಿ ಹಾಡುವಾಗ ಯಾರದ್ದೋ ಒಬ್ಬರದ್ದನ್ನು ಹಿಡಿದರೆ ಇನ್ನೊಬ್ಬರು ಕಿರುಚಬೇಕು ಅಥವಾ ಗೊಣಗಬೇಕು. ಬಿಳಿ 4 ಅಥವಾ ಅದರ ಪಕ್ಕದ ಕಪ್ಪಿಗೆ, ಅಂದರೆ ನಾಲ್ಕೂವರೆಗೆ ಇಟ್ಟುಕೊಂಡು, ಮಧ್ಯ ಷಡ್ಜದಿಂದ (ನಡುವಿನ ‘ಸ’) ತಾರ ಷಡ್ಜದ (ಮೇಲಿನ ‘ಸ’) ಒಳಗೇ ಓಡಾಡುವ ಪದಗಳನ್ನು ಆರಿಸಿಕೊಳ್ಳಿ. ಪಲ್ಲವಿ ಹಾಡಿ ನೋಡಿ ಶ್ರುತಿ ನಿರ್ಧರಿಸಬೇಡಿ. ಧ್ವನಿ ತಾರಕ್ಕೆ ಹೋಗುವುದು ಅನುಪಲ್ಲವಿಯಲ್ಲಿ, ಕೆಲವು ಸಲ ಚರಣದಲ್ಲಿ. ಮೊದಲು ಆ ಜಾಗವನ್ನೇ ಹಾಡಿ, ಎಲ್ಲರಿಗೂ ಎಟುಕಿದರೆ ಆ ಶ್ರುತಿ ಗಟ್ಟಿ.

ತಂಬೂರಿಯ ನಾಲ್ಕು ತಂತಿ: ಪಂಚಮ, ಸಾರಣಿ, ಅನುಸಾರಣಿ, ಮಂದ್ರ. ನಡುವಿನ ಎರಡನ್ನು ಮೊದಲು ಮಧ್ಯ ಷಡ್ಜಕ್ಕೆ ಸೇರಿಸಿ, ಆಮೇಲೆ ಮಂದ್ರ ಷಡ್ಜ, ಕಡೆಗೆ ಪಂಚಮ. ಕುದುರೆಯ ಮೇಲೆ ತಂತಿಯ ಅಡಿಗೆ ಇಡುವ ಜೀವದ ದಾರ ಕೂದಲೆಳೆಯಷ್ಟು ಸರಿದರೂ ನಾದ ಮಂಕಾಗುತ್ತದೆ. ಸರಿಯಾದ ಜಾಗ ಸಿಕ್ಕಾಗ ತಂತಿ ಝೇಂಕರಿಸಿ ಒಳಗಿಂದ ಅಂತರ ಗಾಂಧಾರ ತಾನಾಗಿ ಕೇಳುತ್ತದೆ, ಕಾಯುವುದು ಅದಕ್ಕೇ. ಆ ಗಾಂಧಾರ ಹಾರ್ಮೋನಿಯಂನ ಗಾಂಧಾರಕ್ಕಿಂತ ಸ್ವಲ್ಪ ಕೆಳಗಿರುತ್ತದೆ. ಎರಡೂ ಒಟ್ಟಿಗೆ ಇದ್ದಾಗ ಹಾಡುವವರು ತಂಬೂರಿಯದನ್ನು ಹಿಡಿಯಬೇಕು. ಹಾರ್ಮೋನಿಯಂನವರು ಗಾಂಧಾರದ ಮೇಲೆ ಬೆರಳು ಒತ್ತಿಕೊಂಡೇ ಕೂರದಿದ್ದರೆ ಸಾಕು. ಹಿಂದೋಳದಂಥ ಪಂಚಮವಿಲ್ಲದ ರಾಗಕ್ಕೆ ಪಂಚಮದ ತಂತಿಯನ್ನು ಶುದ್ಧ ಮಧ್ಯಮಕ್ಕೆ ಇಳಿಸಿ.

ಕೊಡಗಿನ ಮಳೆಗೆ ಮೃದಂಗದ ಚರ್ಮ ಸೋಲುತ್ತದೆ. ಕಕ್ಕಡದ ತಿಂಗಳಲ್ಲಿ ಗಾಳಿಯೇ ಒದ್ದೆ, ಬಲಮುಚ್ಚಳಿಕೆ ತೇವ ಹೀರಿ ಸಡಿಲಾಗಿ ಶ್ರುತಿ ಕೆಳಗೆ ಬರುತ್ತದೆ. ಅಕ್ಟೋಬರದಲ್ಲೂ ಭಾಗಮಂಡಲದ ಮಂಜಿನಲ್ಲಿ ಇದೇ ಪಾಡು. ಅಂಚಿನ ಹೆಣಿಗೆಯ ಮೇಲೆ ಕಲ್ಲಿನಿಂದ ಮೇಲಿನಿಂದ ಕೆಳಕ್ಕೆ ತಟ್ಟಿದರೆ ಏರುತ್ತದೆ. ಒಂದೇ ಕಡೆ ತಟ್ಟದೆ ಎದುರುಬದುರಾಗಿ ತಟ್ಟುತ್ತಾ ಸುತ್ತು ಬರಬೇಕು, ಇಲ್ಲದಿದ್ದರೆ ಒಂದು ಬದಿ ಒಂದು ಶ್ರುತಿ, ಇನ್ನೊಂದು ಬದಿ ಇನ್ನೊಂದು. ಒಂದು ಮೃದಂಗ ಅರ್ಧ ಮನೆ, ಹೆಚ್ಚೆಂದರೆ ಒಂದು ಮನೆ ಏರೀತು. ಅದಕ್ಕಿಂತ ಹೆಚ್ಚು ಏರಿಸಲು ಹೋದರೆ ಬಾರು ಕಿತ್ತುಬರುತ್ತದೆ. ಒಣಗಲಿ ಎಂದು ಒಲೆಯ ಮೇಲಿನ ಅಟ್ಟದಲ್ಲಿ ಇಡುವವರಿದ್ದಾರೆ, ಹಾಗೆ ಮಾಡಬೇಡಿ. ಹಸಿ ಚರ್ಮ ಬೇಗ ಬಿಗಿದರೆ ನಡುವಿನ ಕರಿ ಬಿರುಕು ಬಿಡುತ್ತದೆ. ಬಟ್ಟೆ ಸುತ್ತಿ, ಜನ ಓಡಾಡುವ ಬೆಚ್ಚಗಿನ ಕೋಣೆಯಲ್ಲಿ ಇಟ್ಟರೆ ಸಾಕು. ಎಡಗಡೆಗೆ ಹಚ್ಚುವ ರವೆಯನ್ನು ಒಣ ಊರಿನವರಿಗಿಂತ ಗಟ್ಟಿಯಾಗಿ ಕಲಸಿ, ಇಲ್ಲಿಯ ತೇವಕ್ಕೆ ಅದು ಬೇಗ ಒಣಗುವುದಿಲ್ಲ, ತೆಳ್ಳಗಿದ್ದರೆ ಜಾರುತ್ತದೆ. ಬಾರಿಸಿ ಆದ ಮೇಲೆ ಕೆರೆದು ಒರೆಸದಿದ್ದರೆ ಮರುದಿನಕ್ಕೆ ಬೂಷ್ಟು.

‘ಶುದ್ಧ’ ಎಂಬ ಪದ ತರುವ ತೊಂದರೆ ಬೇರೆ. ನಮ್ಮಲ್ಲಿ ಕೆಲವರು ಕರ್ನಾಟಕ ಸಂಗೀತ ಕಲಿತವರು, ಕೆಲವರು ಹಿಂದೂಸ್ತಾನಿ ಹಾರ್ಮೋನಿಯಂ ಕಲಿತವರು. ಒಬ್ಬರು ‘ಶುದ್ಧ ರಿಷಭ’ ಅಂದರೆ ಇನ್ನೊಬ್ಬರು ಬೇರೆ ಮನೆ ಒತ್ತುತ್ತಾರೆ. ಕರ್ನಾಟಕದ ಶುದ್ಧ ರಿಷಭ ಹಿಂದೂಸ್ತಾನಿಯ ಕೋಮಲ ರಿಷಭ. ಹಿಂದೂಸ್ತಾನಿಯ ಶುದ್ಧ ರಿಷಭ ಇಲ್ಲಿಯ ಚತುಶ್ರುತಿ ರಿಷಭ, ಅದೇ ಮನೆಗೆ ಇಲ್ಲಿ ಶುದ್ಧ ಗಾಂಧಾರ ಎಂದೂ ಹೆಸರು. ಎಲ್ಲ ಶುದ್ಧ ಸ್ವರ ಅಂದಾಗ ಅವರು ಬಿಲಾವಲ್ ನುಡಿಸುತ್ತಾರೆ, ನಮ್ಮ ಲೆಕ್ಕದಲ್ಲಿ ಅದು ಶಂಕರಾಭರಣ. ನಮ್ಮ ಎಲ್ಲ ಶುದ್ಧ ಅಂದರೆ ಮೊದಲ ಮೇಳ ಕನಕಾಂಗಿ. ರಾಗದ ಹೆಸರಲ್ಲೂ ಇದೇ ಕಥೆ. ನಮ್ಮ ಹಿಂದೋಳ ಅವರ ಮಾಲಕಂಸ್. ನಮ್ಮ ತೋಡಿಯ ಸ್ವರಗಳು ಅವರ ಭೈರವಿಯವು. ಅವರ ತೋಡಿ ನಮ್ಮ ಶುಭಪಂತುವರಾಳಿ. ಮಿಶ್ರ ತಂಡದಲ್ಲಿ ರಾಗದ ಹೆಸರಿನ ಜೊತೆ ಆರೋಹಣವನ್ನು ಒಮ್ಮೆ ಹಾಡಿ ತೋರಿಸಿದರೆ ಹತ್ತು ಸೆಕೆಂಡಿನಲ್ಲಿ ಮುಗಿಯುವ ಕೆಲಸ.

ತಾಳ ಹಿಡಿಯುವವರಿಗೆ ಒಂದೇ ಮಾತು: ಭಜನೆ ಓಡುವುದು ನಿಮ್ಮಿಂದ. ಆದಿತಾಳ ಅಂದರೆ 4 ಅಕ್ಷರದ ಒಂದು ಲಘು, 2 ಅಕ್ಷರದ ಎರಡು ದ್ರುತ, ಒಟ್ಟು 8. ಲಘುವಿಗೆ ಒಂದು ಘಾತ, ಆಮೇಲೆ ಕಿರುಬೆರಳು, ಉಂಗುರಬೆರಳು, ನಡುಬೆರಳು. ದ್ರುತಕ್ಕೆ ಒಂದು ಘಾತ, ಒಂದು ವಿಸರ್ಜಿತ, ಅಂದರೆ ಅಂಗೈ ಮಗುಚುವುದು. ಸದ್ದಿಲ್ಲದ ಈ ಅಕ್ಷರಗಳಲ್ಲೇ ಕಾಲ ಕಳೆದುಹೋಗುವುದು. ಕಡೆಯ ದ್ರುತದ ವಿಸರ್ಜಿತವನ್ನು ಪೂರ್ತಿ ಬಿಡದೆ ಮುಂದಿನ ಆವರ್ತದ (ತಾಳದ ಸುತ್ತಿನ) ಘಾತಕ್ಕೆ ಕೈ ಹಾರುತ್ತದೆ, ಆವರ್ತಕ್ಕೆ ಒಂದಿಷ್ಟು ತಿಂದು ತಿಂದು ಮೂರನೇ ಚರಣಕ್ಕೆ ವೇಗ ಒಂದೂವರೆ ಪಟ್ಟು ಆಗಿರುತ್ತದೆ. ಕಂಚಿನ ತಾಳವನ್ನು ಎಂಟೂ ಅಕ್ಷರಕ್ಕೆ ಬಡಿಯುವುದನ್ನು ಬಿಟ್ಟು, ಮೂರು ಘಾತಕ್ಕೆ ಮಾತ್ರ, 1, 5, 7ಕ್ಕೆ, ಬಡಿಯಿರಿ. ನಡುವಿನದ್ದನ್ನು ಬೆರಳಲ್ಲಿ ಎಣಿಸುವ ಒಬ್ಬರು ಪಕ್ಕದಲ್ಲಿ ಇರಲಿ. ಮಿಶ್ರಛಾಪು 7ಕ್ಕೆ 3+4, ಖಂಡಛಾಪು 5ಕ್ಕೆ 2+3. ಇವೆರಡಕ್ಕೆ ಬೆರಳೆಣಿಕೆ ಇಲ್ಲ, ಬರೀ ಘಾತ. ಅನಾಗತ ಎಡುಪಿನ (ಹಾಡು ಎತ್ತುವ ಜಾಗದ) ಪದಗಳಲ್ಲಿ ತಾಳ ಮೊದಲು, ಹಾಡು ಆಮೇಲೆ. ಅಂಥವನ್ನು ಎತ್ತುವಾಗ ಮುಂದಾಳು ಒಂದು ಆವರ್ತ ಖಾಲಿ ತೋರಿಸಲೇಬೇಕು, ಇಲ್ಲದಿದ್ದರೆ ಕೂಟದಲ್ಲಿ ಅರ್ಧ ಜನ ಸಮದಲ್ಲಿ ಎತ್ತಿ, ಉಳಿದವರು ಅರ್ಧ ಅಕ್ಷರ ಬಿಟ್ಟು ಎತ್ತಿ, ಪಲ್ಲವಿ ಮುಗಿಯುವವರೆಗೂ ಎರಡು ಹಾಡು ನಡೆಯುತ್ತದೆ.

ತೀರ್ಥೋದ್ಭವದ ಹೊತ್ತು ವರ್ಷ ವರ್ಷಕ್ಕೂ ಬದಲು. ಒಮ್ಮೆ ನಡುರಾತ್ರಿ, ಒಮ್ಮೆ ಬೆಳಗ್ಗೆ, ಒಮ್ಮೆ ಮಧ್ಯಾಹ್ನ. ಬೆಳಗಿನ ಜಾವವಾದರೆ ಭೂಪಾಳ, ಬೌಳಿ ಚೆನ್ನಾಗಿ ಕೂರುತ್ತವೆ. ಸಂಜೆಗೆ ಕಲ್ಯಾಣಿ, ರಾತ್ರಿ ಶಯನೋತ್ಸವಕ್ಕೆ ನೀಲಾಂಬರಿ. ಕರ್ನಾಟಕ ಸಂಗೀತದಲ್ಲಿ ಹೊತ್ತಿನ ಕಟ್ಟು ಹಿಂದೂಸ್ತಾನಿಯಷ್ಟು ಬಿಗಿಯಲ್ಲ, ಹಾಗಾಗಿ ಬಾರದ ರಾಗಕ್ಕೆ ಕೈ ಹಾಕುವ ಬದಲು ಬರುವ ರಾಗ ಹಾಡಿ. ಮಂಗಳಕ್ಕೆ, ಅಂದರೆ ಮುಗಿಸುವ ಹಾಡಿಗೆ, ಮಾತ್ರ ರೂಢಿ ಬಿಡಬೇಡಿ: ಸೌರಾಷ್ಟ್ರ, ಸುರಟಿ ಅಥವಾ ಮಧ್ಯಮಾವತಿ. ಹಿಂದೆ ಹಾಡಿದ್ದರಲ್ಲಿ ಆದ ಲೋಪಗಳನ್ನು ಮಧ್ಯಮಾವತಿ ತೊಳೆಯುತ್ತದೆ ಎಂದು ನಂಬಿಕೆ. ಸ, ರಿ, ಮ, ಪ, ನಿ ಐದೇ ಸ್ವರ, ಸುಸ್ತಾದ ಗಂಟಲಿಗೂ ಹಿತ.

ಕೊಡವರ ಐನ್‌ಮನೆಗಳಲ್ಲಿ (ಕುಟುಂಬದ ಮೂಲಮನೆ) ದುಡಿ ಎಂಬ ಚಿಕ್ಕ ವಾದ್ಯ ಹಿಡಿದು ಹಾಡುವ ಪಾಟ್‌ಗೆ (ಹಾಡಿಗೆ) ಈ ಯಾವ ಲೆಕ್ಕವನ್ನೂ ತರಬೇಡಿ. ಅದಕ್ಕೆ ಅದರದ್ದೇ ಲಯ, ಅದರದ್ದೇ ಎತ್ತುಗಡೆ ಇದೆ. ಪಕ್ಕದಲ್ಲಿ ಶ್ರುತಿಪೆಟ್ಟಿಗೆ ಇಟ್ಟು ‘ಸರಿಮಾಡಲು’ ಹೋದರೆ ಎರಡೂ ಕೆಡುತ್ತವೆ. ಸಂಕ್ರಮಣದ ಕಣಿ ಪೂಜೆಗೆ ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ಬಟ್ಟೆ, ಒಡವೆ ಉಡಿಸಿ ಕಾವೇರಮ್ಮನೆಂದು ಇಟ್ಟಾಗಲೂ ಮನೆಯ ಹಿರಿಯ ಹೆಂಗಸರು ಹೇಗೆ ನಡೆಸುತ್ತಾರೋ ಹಾಗೇ ನಡೆಯಲಿ. ಅವರು ಹಾಡಿ ಅಂದರೆ ಆ ಶ್ಲೋಕ ಒಂದನ್ನು ಹ್ರಸ್ವ ದೀರ್ಘ ನೋಡಿಕೊಂಡು ಹಾಡಿ.

ಮಂಗಳಾರತಿ, ಮಂತ್ರಪುಷ್ಪ ಆದ ಮೇಲೆ ಭಟ್ಟರು ‘ಮಂತ್ರಹೀನಂ ಕ್ರಿಯಾಹೀನಂ’ ಎಂದು ಕ್ಷಮಾಪಣೆ ಹೇಳುತ್ತಾರೆ. ಅಲ್ಲಿಗೆ ಸೇವೆ ಮುಗಿಯಿತು, ಆಮೇಲೆ ಹೊಸ ಪದ ಎತ್ತುವಂತಿಲ್ಲ. ತೀರ್ಥ ಕೊಡುವಾಗ ‘ಅಕಾಲಮೃತ್ಯುಹರಣಂ ಸರ್ವವ್ಯಾಧಿನಿವಾರಣಂ’ ಹೇಳುವುದು ಕೇಳುತ್ತದೆ, ಅದರ ಜೊತೆ ದನಿಗೂಡಿಸಬಹುದು. ಇದೂ ಅನುಷ್ಟುಪ್ ಛಂದಸ್ಸೇ, ಪಾದಕ್ಕೆ 8 ಅಕ್ಷರ.